ಮೇಷ್ಟ್ರ ಇಮೇಲ್ ಎಷ್ಟು ವರ್ಷ ಇಡಬೇಕು? – ನನ್ನ ಅನುಭವ

ಡಲ್ಲಾಸ್ ಹತ್ತಿರದ ಒಂದು ಶಾಲಾ ಜಿಲ್ಲೆಯಲ್ಲಿ ಇಮೇಲ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಶಾಲಾ ಜಿಲ್ಲೆ ಅಂದ ತಕ್ಷಣ ನಮ್ಮ ಕಡೆಯ ಜಿಲ್ಲೆಯನ್ನು ನೆನಪಿಸಿಕೊಳ್ಳಬೇಡಿ. ಬಿಇಒ ಕಚೇರಿಗೆ ತೆರಿಗೆ ಹಾಕುವ ಅಧಿಕಾರ ಕೊಟ್ಟು, ಅದರ ಮೇಲೆ ಜನ ಓಟು ಹಾಕಿ ಆರಿಸಿದ ಒಂದು ಬೋರ್ಡ್ ಕೂರಿಸಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಟೆಕ್ಸಸ್ ಒಂದರಲ್ಲೇ ಇಂಥವು ಸಾವಿರಕ್ಕೂ ಜಾಸ್ತಿ ಇವೆ. ಮನೆ ಇದ್ದವರೆಲ್ಲ ಇದಕ್ಕೆ ಆಸ್ತಿ ತೆರಿಗೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಲೆಕ್ಕ ಕೇಳುತ್ತಾರೆ. ಹಾಗೆ ಕೇಳುವುದಕ್ಕೆ ಒಂದು ಕಾನೂನೇ ಇದೆ, ಟೆಕ್ಸಸ್ ಪಬ್ಲಿಕ್ ಇನ್‌ಫರ್ಮೇಶನ್ ಆಕ್ಟ್. 1971ರಲ್ಲಿ ಶಾರ್ಪ್ಸ್‌ಟೌನ್ ಷೇರು ಹಗರಣ ಹೊರಬಿದ್ದು ರಾಜ್ಯದ ದೊಡ್ಡ ರಾಜಕಾರಣಿಗಳ ಹೆಸರೆಲ್ಲ ಕೆಟ್ಟಿತ್ತು. ಆ ಸಿಟ್ಟಿನ ಬಿಸಿಯಲ್ಲೇ 1973ರಲ್ಲಿ ಈ ಕಾನೂನು ಬಂತು. ನಮ್ಮ ಆರ್‌ಟಿಐಗಿಂತ 32 ವರ್ಷ ಹಳೆಯದು.

ಇದರಲ್ಲಿ ಮಾಹಿತಿ ಅಂದರೆ ಕಾಗದವೇ ಆಗಬೇಕಿಲ್ಲ. ಇಮೇಲ್, ಫೋನಿನ ಮೆಸೇಜ್, ವಿಡಿಯೊ ಎಲ್ಲವೂ ಬರುತ್ತದೆ. ಮೂರನೇ ಕ್ಲಾಸಿನ ಮೇಡಂ ಪ್ರಿನ್ಸಿಪಾಲರಿಗೆ ಬರೆದ ಎರಡು ಸಾಲಿನ ಮೇಲ್ ಆದರೂ ಸರಿ, ಯಾರಾದರೂ ಕೇಳಿದರೆ ಹುಡುಕಬೇಕು. ಕೊಡಬಾರದ ಭಾಗವನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು. ಹಾಗಾದರೆ ಆ ಮೇಲ್ ನಮ್ಮ ಹತ್ತಿರ ಎಷ್ಟು ದಿನ ಇರಬೇಕು? ಯಾವಾಗ ಅಳಿಸಬಹುದು? ಅಳಿಸುವವರು ಯಾರು? ಇದಕ್ಕೆ ಉತ್ತರ ಹುಡುಕಿ ಯಂತ್ರಕ್ಕೆ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸುತ್ತೇನೆ. ಇಲ್ಲಿ ಕಾನೂನು ಒಂದಲ್ಲ, ಎರಡು. ಕೇಳಿದವರಿಗೆ ಕೊಡಬೇಕು ಅನ್ನುವುದು ಮೇಲೆ ಹೇಳಿದ ಕಾನೂನು. ಎಷ್ಟು ಕಾಲ ಇಡಬೇಕು ಅನ್ನುವುದು ಬೇರೆ, 1989ರ ಲೋಕಲ್ ಗವರ್ನಮೆಂಟ್ ರೆಕಾರ್ಡ್ಸ್ ಆಕ್ಟ್. ಇಡುವ ಅವಧಿಯ ಪಟ್ಟಿಗಳನ್ನು ಆಸ್ಟಿನ್‌ನಲ್ಲಿರುವ ರಾಜ್ಯ ಗ್ರಂಥಾಲಯ ಮತ್ತು ಪತ್ರಾಗಾರ ಆಯೋಗ ಮಾಡುತ್ತದೆ. ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸುವ ಒಂದು ಪಟ್ಟಿ ಇದೆ, ಅದಕ್ಕೆ ಜಿಆರ್ ಅಂತಾರೆ. ಶಾಲಾ ಜಿಲ್ಲೆಗಳಿಗೆ ಅಂತಲೇ ಇನ್ನೊಂದು ಇದೆ, ಎಸ್‌ಡಿ. ಎರಡೂ ಪಟ್ಟಿಗಳನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಂಡು ಓದಿದೆ. ‘ಇಮೇಲ್: ಇಷ್ಟು ವರ್ಷ’ ಅನ್ನುವ ಒಂದು ಸಾಲು ಸಿಕ್ಕಿಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಅಂಥ ಸಾಲು ಎಲ್ಲೂ ಇಲ್ಲ. ಯಾಕಂದರೆ ಈ ಪಟ್ಟಿ ನೋಡುವುದು ಒಳಗಿನ ವಿಷಯವನ್ನು. ಅದು ಕಾಗದದಲ್ಲಿದೆಯೋ, ಮೇಲ್‌ನಲ್ಲಿದೆಯೋ ಅದಕ್ಕೆ ಬೇಕಾಗಿಲ್ಲ.

ಪತ್ರವ್ಯವಹಾರ ಅನ್ನುವ ತಲೆಬರಹದ ಕೆಳಗೆ ಮೂರು ಬಗೆ ಇವೆ. ನೀತಿ ಮಾಡುವ, ಕಾರ್ಯಕ್ರಮ ರೂಪಿಸುವ ಆಡಳಿತದ ಪತ್ರವಾದರೆ 4 ವರ್ಷ. ದಿನನಿತ್ಯದ ಕೆಲಸ ನಡೆಸುವ ಸಾಮಾನ್ಯ ಪತ್ರವಾದರೆ 2 ವರ್ಷ. ‘ಶುಕ್ರವಾರ ಸ್ಟಾಫ್ ರೂಮಿನಲ್ಲಿ ಕೇಕ್ ಇದೆ ಬನ್ನಿ’ ಅನ್ನುವಂಥದ್ದಕ್ಕೆ ಅವಧಿಯೇ ಇಲ್ಲ, ಕೆಲಸ ಮುಗಿದರೆ ಅಳಿಸಬಹುದು. ಗುತ್ತಿಗೆಯ ಕರಾರು ಆದರೆ ಅದು ಮುಗಿದ ಮೇಲೂ 4 ವರ್ಷ. ಬೋರ್ಡ್ ಸಭೆಯ ನಡಾವಳಿ ಶಾಶ್ವತ. ಮಕ್ಕಳ ಅಂಕಗಳ ಮುಖ್ಯ ದಾಖಲೆಯೂ ಶಾಶ್ವತ.

ಕಾಗದದ ಕಾಲದಲ್ಲಿ ಇದು ನಡೆಯುತ್ತಿತ್ತು. ಕಚೇರಿಯ ಸೆಕ್ರೆಟರಿ ಯಾವ ಪತ್ರ ಯಾವ ಕಡತಕ್ಕೆ ಅಂತ ನೋಡಿ ಹಾಕುತ್ತಿದ್ದರು. ಈಗ ಪ್ರತಿಯೊಬ್ಬ ಮೇಷ್ಟ್ರೂ ತನ್ನ ಕಡತದ ಗುಮಾಸ್ತ ತಾನೇ ಆಗಬೇಕು. ಆಗುವುದಿಲ್ಲ. ಬೆಳಿಗ್ಗೆ ಮಕ್ಕಳು ಬರುವ ಮೊದಲು ಹತ್ತು ನಿಮಿಷ, ಮಧ್ಯಾಹ್ನ ಊಟದ ನಡುವೆ ಹತ್ತು ನಿಮಿಷ ಮೇಲ್ ನೋಡುವವರು ಅವರು. ‘ಇದು ಆಡಳಿತದ್ದು, ಇದು ಸಾಮಾನ್ಯದ್ದು’ ಅಂತ ವಿಂಗಡಿಸಿ ಫೋಲ್ಡರಿಗೆ ಹಾಕಿ ಅಂತ ಹೇಳುವುದು ತಮಾಷೆ. ಆದರೂ ಎಷ್ಟೋ ಕಡೆ ನಿಯಮ ಹಾಗೇ ಬರೆದಿಟ್ಟಿದ್ದಾರೆ. 90 ದಿನಕ್ಕೆ ಎಲ್ಲ ಮೇಲ್ ತಾನಾಗೇ ಅಳಿಸಿಹೋಗುತ್ತದೆ, ರೆಕಾರ್ಡ್ ಆಗುವಂಥದ್ದನ್ನು ನೌಕರರೇ ಬೇರೆ ಕಡೆ ಉಳಿಸಿಕೊಳ್ಳಬೇಕು ಅಂತ. ಕಾಗದದ ಮೇಲೆ ಚೆನ್ನಾಗಿದೆ. ಆಮೇಲೆ ಮೂರು ವರ್ಷ ಹಿಂದಿನ ಮೇಲ್ ಕೇಳಿ ಅರ್ಜಿ ಬಂದಾಗ, ಉಳಿಸಬೇಕಾದವರು ಉಳಿಸಿರುವುದಿಲ್ಲ. ಕಾನೂನು ಹಿಡಿಯುವುದು ಸಂಸ್ಥೆಯನ್ನು. ನನ್ನ ಪ್ರಕಾರ ಇದು ಜವಾಬ್ದಾರಿಯನ್ನು ಮೇಷ್ಟ್ರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ದಾರಿ, ಅಷ್ಟೇ.

ನಮ್ಮಲ್ಲಿ ಇದರ ಬಗ್ಗೆ ಮೀಟಿಂಗ್ ಶುರುವಾದಾಗ ಎರಡು ಬಣ ಆಯಿತು. ಕಾನೂನು ಸಲಹೆ ಕೊಡುವವರು ಆದಷ್ಟು ಬೇಗ ಅಳಿಸಿ ಅಂದರು. ಇಲ್ಲದ್ದನ್ನು ಯಾರೂ ಕೇಳಲಾರರು ಅನ್ನುವುದು ಅವರ ವಾದ. ಇನ್ನೊಂದು ಕಡೆಯವರು ಎಲ್ಲವನ್ನೂ ಶಾಶ್ವತವಾಗಿ ಇಡೋಣ, ಜಾಗಕ್ಕೇನು ಬರ ಅಂದರು. ಅವರಿಗೆ ಈ ಯೋಚನೆ ಹೊಕ್ಕಿದ್ದು ಹಳೆಯ ಕಥೆಯಿಂದ. 2006ರ ಡಿಸೆಂಬರ್‌ನಲ್ಲಿ ಫೆಡರಲ್ (ಅಂದರೆ ಕೇಂದ್ರದ) ಸಿವಿಲ್ ಕೋರ್ಟುಗಳ ನಿಯಮ ಬದಲಾಗಿ, ಮೊಕದ್ದಮೆಯಲ್ಲಿ ಇಮೇಲ್ ಮುಂತಾದವನ್ನು ಹೇಗೆ ಹಾಜರುಪಡಿಸಬೇಕು ಅಂತ ಸ್ಪಷ್ಟವಾಯಿತು. ಮೇಲ್ ಕೂಡಿಡುವ ಪೆಟ್ಟಿಗೆ ಮಾರುವವರಿಗೆ ಅದು ಹಬ್ಬ. ‘ಫೆಡರಲ್ ಕಾನೂನು ಪ್ರಕಾರ ಶಾಲೆಗಳು ಪ್ರತಿ ಇಮೇಲ್ ಇಡಲೇಬೇಕು’ ಅಂತ ಹೆದರಿಸಿ ಮಾರಿದರು. ಆ ನಿಯಮದಲ್ಲಿ ಹಾಗೆ ಎಲ್ಲೂ ಇಲ್ಲ. ಮೊಕದ್ದಮೆ ಬಂದಾಗ, ಅಥವಾ ಬರುತ್ತದೆ ಅಂತ ಕಾಣಿಸಿದಾಗ, ಅದಕ್ಕೆ ಸಂಬಂಧಿಸಿದ್ದನ್ನು ಹಾಳುಮಾಡಬಾರದು. ಇದೇ ಅದರ ತಿರುಳು. 2015ರಲ್ಲಿ ಮತ್ತೆ ತಿದ್ದುಪಡಿ ಆಗಿ, ಕಾಪಾಡಲು ನ್ಯಾಯವಾದ ಕ್ರಮ ತೆಗೆದುಕೊಂಡಿದ್ದರೋ ಇಲ್ಲವೋ ಅನ್ನುವುದು ಮುಖ್ಯವಾಯಿತು.

ಜಾಗದ ಮಾತೂ ಈಗ ಹಳೆಯದಾಯಿತು. ಗೂಗಲ್ ಶಾಲೆಗಳಿಗೆ ಲೆಕ್ಕವಿಲ್ಲದಷ್ಟು ಜಾಗ ಕೊಡುತ್ತಿದ್ದ ಕಾಲ ಇತ್ತು. ಒಂದು ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಅಂತ ಮಿತಿ ಹಾಕುವುದಾಗಿ 2021ರಲ್ಲಿ ಹೇಳಿ, 2022ರಲ್ಲಿ ಜಾರಿಗೆ ತಂದರು. ಹಾಗಂತ ಶಾಶ್ವತವಾಗಿ ಇಡುವುದಕ್ಕೆ ನನ್ನ ವಿರೋಧ ಇದ್ದದ್ದು ಜಾಗದಿಂದಲ್ಲ. ಅವಧಿ ಮುಗಿದಿದ್ದರೂ ಸರಿ, ಅರ್ಜಿ ಬಂದ ದಿನ ನಮ್ಮ ಹತ್ತಿರ ಮೇಲ್ ಇದ್ದರೆ ಅದೂ ಕೊಡುವ ಲೆಕ್ಕಕ್ಕೆ ಬರುತ್ತದೆ. 2 ವರ್ಷಕ್ಕೆ ಅಳಿಸಬಹುದಾಗಿದ್ದ ಮೇಲ್ 15 ವರ್ಷ ಇದ್ದರೆ, ಆ 15 ವರ್ಷದ್ದನ್ನೂ ಯಾರೋ ಕೂತು ಓದಿ, ಮಕ್ಕಳ ಹೆಸರು ಮುಚ್ಚಿ, ಕೊಡಬೇಕು. ಆ ‘ಯಾರೋ’ ನಮ್ಮ ಕಚೇರಿಯಲ್ಲಿ ಒಂದೂವರೆ ಜನ. ಒಬ್ಬರು ಪೂರ್ತಿ, ಇನ್ನೊಬ್ಬರು ಅರ್ಧ ದಿನ.

ನಾನು ಮಾಡಿದ್ದು ಇದು. ಮೇಲ್ ವಿಂಗಡಿಸುವ ಯೋಚನೆ ಬಿಟ್ಟೆ. ಜನರನ್ನು ವಿಂಗಡಿಸಿದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಅಮೆರಿಕದ ರಾಷ್ಟ್ರೀಯ ಪತ್ರಾಗಾರ 2013ರಲ್ಲಿ ಫೆಡರಲ್ ಕಚೇರಿಗಳಿಗೆ ಕ್ಯಾಪ್‌ಸ್ಟೋನ್ ಅನ್ನುವ ದಾರಿ ತೋರಿಸಿತು. ದೊಡ್ಡ ಹುದ್ದೆಯವರ ಮೇಲ್ ಶಾಶ್ವತ, ಉಳಿದವರಲ್ಲಿ ಹೆಚ್ಚಿನವರದ್ದು 7 ವರ್ಷ. ಹುದ್ದೆ ನೋಡಿ ತೀರ್ಮಾನ, ಒಂದೊಂದೇ ಮೇಲ್ ನೋಡುವ ರಗಳೆ ಇಲ್ಲ. ನಾವು ಫೆಡರಲ್ ಕಚೇರಿ ಅಲ್ಲ, ಆ ನಿಯಮ ನಮಗೆ ಲಾಗೂ ಆಗುವುದಿಲ್ಲ. ಯೋಚನೆ ಮಾತ್ರ ಎರವಲು ತಂದೆ.

ಯಾರು ಯಾವ ಗುಂಪಿಗೆ ಅಂತ ಗೊತ್ತಾಗಲು ಸಂಸ್ಥೆಯ ಚಾರ್ಟ್ ಸಾಲುವುದಿಲ್ಲ. ಶಾಲೆಗಳ ಸೆಕ್ರೆಟರಿಗಳ ಜತೆ ಕೂತೆ. ಈ ಹೆಂಗಸರಿಗೆ ಗೊತ್ತಿಲ್ಲದ ವಿಷಯ ಇಲ್ಲ. ಪ್ರಿನ್ಸಿಪಾಲರ ಹೆಸರಿನಲ್ಲಿ ಮೇಲ್ ಬರೆಯುವವರು ಯಾರು, ಪೋಷಕರ ದೂರು ನಿಜವಾಗಿ ಬಂದು ಬೀಳುವುದು ಯಾರ ಡಬ್ಬಿಗೆ, ಬಸ್ ಗುತ್ತಿಗೆದಾರರ ಜತೆ ರೇಟು ಮಾತಾಡುವವರು ಯಾರು, ಎಲ್ಲ ಹೇಳಿದರು. ಚಾರ್ಟ್‌ನಲ್ಲಿ ಕೆಳಗಿದ್ದ ಒಂದೆರಡು ಹುದ್ದೆ ನಮ್ಮ ಪಟ್ಟಿಯಲ್ಲಿ ಮೇಲಕ್ಕೆ ಬಂದವು. ಕೊನೆಗೆ ಸೂಪರಿಂಟೆಂಡೆಂಟ್ (ಇಡೀ ಶಾಲಾ ಜಿಲ್ಲೆಯ ಮುಖ್ಯಸ್ಥರು), ಅವರ ಕೆಳಗಿನ ದೊಡ್ಡ ಅಧಿಕಾರಿಗಳು, ಪ್ರಿನ್ಸಿಪಾಲರು, ನೇಮಕಾತಿ ಮತ್ತು ಖರೀದಿ ವಿಭಾಗದವರು, ಇವರೆಲ್ಲರ ಸೆಕ್ರೆಟರಿಗಳು, ಇಷ್ಟೂ ಜನರ ಮೇಲ್ 7 ವರ್ಷ. ಮೇಷ್ಟ್ರುಗಳು ಮತ್ತು ಉಳಿದ ಸಿಬ್ಬಂದಿಯದ್ದು 4 ವರ್ಷ. ಅವರ ಮೇಲ್‌ಗಳಲ್ಲಿ ಜಾಸ್ತಿ ಪಾಲು 2 ವರ್ಷದ್ದೇ ಆದರೂ, ನಡುವೆ ಎಲ್ಲೋ ಆಡಳಿತದ ಪತ್ರ ಸೇರಿಕೊಂಡಿರುತ್ತದೆ. ಅದಕ್ಕೆ ಬೇಕಾದ ಅವಧಿಯನ್ನೇ ಎಲ್ಲಕ್ಕೂ ಹಿಡಿದೆವು. ಮಕ್ಕಳ ಖಾತೆಗಳಿಗೆ ಬೇರೆ, ತುಂಬ ಚಿಕ್ಕ ಅವಧಿ.

ಶಾಶ್ವತವಾಗಿ ಅಥವಾ ತುಂಬ ಕಾಲ ಇಡಬೇಕಾದ ದಾಖಲೆಗಳು ಏನಾಗುತ್ತವೆ ಅಂತ ಕೇಳಬಹುದು. ಅವು ಮೇಲ್‌ನಲ್ಲಿ ಇರಬಾರದು. ಕರಾರು ಖರೀದಿ ವಿಭಾಗದ ವ್ಯವಸ್ಥೆಗೆ, ಅಂಕ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಗೆ, ನಡಾವಳಿ ಬೋರ್ಡ್ ಕಾರ್ಯದರ್ಶಿಯ ಕಡತಕ್ಕೆ. ಇದನ್ನು ನೋಡಿಕೊಳ್ಳುವ ಕೆಲವೇ ಜನರಿಗೆ ಹೇಳಿಕೊಡುವುದು ಸಾಧ್ಯ. ಜಿಲ್ಲೆಯ ಎಲ್ಲ ಮೇಷ್ಟ್ರುಗಳಿಗೆ ಹೇಳಿಕೊಡುವುದು ಆಗದ ಮಾತು.

ಈಗ ಯಂತ್ರದ ಭಾಗ. ನಮ್ಮದು ಗೂಗಲ್ ವರ್ಕ್‌ಸ್ಪೇಸ್, ಅದರ ಜತೆ ಬರುವ ವಾಲ್ಟ್. ಮೇಲ್ ಎಷ್ಟು ಕಾಲ ಇಡಬೇಕು ಅಂತ ಹೇಳುವುದಕ್ಕೆ, ಇಟ್ಟದ್ದನ್ನು ಹುಡುಕಿ ತೆಗೆಯುವುದಕ್ಕೆ ಇರುವ ಸಾಧನ ಅದು. ವಾಲ್ಟ್‌ನಲ್ಲಿ ಅವಧಿಯ ನಿಯಮ ಹಾಕುವುದು ಸುಲಭ. ನಾಲ್ಕು ಕ್ಲಿಕ್. ಅದೇ ಭಯ. ತಪ್ಪು ನಿಯಮ ಉಳಿಸಿದ ತಕ್ಷಣ ಹಳೆಯ ಮೇಲ್ ಹೋಗಲು ಶುರುವಾಗುತ್ತದೆ, ವಾಪಸ್ ಬರುವುದಿಲ್ಲ. ಗೂಗಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಹಾಗಾಗಿ ಮೊದಲು ‘ಎಲ್ಲವನ್ನೂ ಅವಧಿಯಿಲ್ಲದೆ ಇಡು’ ಅನ್ನುವ ಸಾಮಾನ್ಯ ನಿಯಮ ಹಾಕಿದೆ. ಅದರ ಮೇಲೆ ಒಂದೊಂದು ಗುಂಪಿಗೆ ಪ್ರತ್ಯೇಕ ನಿಯಮ. ಪ್ರತ್ಯೇಕ ನಿಯಮ ಇದ್ದ ಕಡೆ ಸಾಮಾನ್ಯ ನಿಯಮ ನಡೆಯುವುದಿಲ್ಲ. ನಕಲಿ ಖಾತೆಗಳ ಒಂದು ಗುಂಪು ಮಾಡಿ, ಚಿಕ್ಕ ಅವಧಿ ಕೊಟ್ಟು, ಏನು ಹೋಗುತ್ತದೆ ಏನು ಉಳಿಯುತ್ತದೆ ಅಂತ ನೋಡಿದ ಮೇಲೆ ನಿಜವಾದವರ ಖಾತೆ ಮುಟ್ಟಿದೆ.

ಅದಕ್ಕೂ ಮೊದಲು ಹೋಲ್ಡ್. ಮೊಕದ್ದಮೆ ನಡೆಯುತ್ತಿದ್ದರೆ, ಅಥವಾ ಮಾಹಿತಿ ಅರ್ಜಿ ಬಾಕಿ ಇದ್ದರೆ, ಅವಧಿ ಮುಗಿದಿದ್ದರೂ ಆ ದಾಖಲೆ ಅಳಿಸುವ ಹಾಗಿಲ್ಲ. ವಾಲ್ಟ್‌ನಲ್ಲಿ ಒಬ್ಬರ ಖಾತೆ ಮೇಲೆ ಹೋಲ್ಡ್ ಹಾಕಿದರೆ ಯಾವ ನಿಯಮವೂ ಅದನ್ನು ಮುಟ್ಟುವುದಿಲ್ಲ. ಬಾಕಿ ಇರುವ ಕೇಸು, ಅರ್ಜಿ, ಆಡಿಟ್ ಇಷ್ಟರ ಪಟ್ಟಿ ಬರವಣಿಗೆಯಲ್ಲಿ ಬರದೆ ಸ್ವಿಚ್ ಒತ್ತುವುದಿಲ್ಲ ಅಂತ ಹಠ ಹಿಡಿದೆ. ಬಾಯಿಮಾತಿನಲ್ಲಿ ‘ಏನೂ ಇಲ್ಲ ಬಿಡಿ’ ಅಂದಿದ್ದರು. ಬರೆದು ಕೊಡಿ ಅಂದಾಗ ಪಟ್ಟಿ ಎರಡು ಪುಟ ಆಯಿತು.

ಇನ್ನೊಂದು ತೀರ್ಮಾನ ಇತ್ತು. ಅವಧಿ ಮುಗಿದಾಗ ಜನ ಈಗಾಗಲೇ ಅಳಿಸಿದ್ದನ್ನು ಮಾತ್ರ ತೆಗೆಯಬೇಕೋ, ಇಲ್ಲ ಇನ್‌ಬಾಕ್ಸ್‌ನಲ್ಲಿ ಕಾಣುತ್ತಿರುವುದನ್ನೂ ತೆಗೆಯಬೇಕೋ? ಎರಡಕ್ಕೂ ಅವಕಾಶ ಇದೆ. ಎರಡನೆಯದನ್ನು ಆರಿಸಿದೆವು. ಇಲ್ಲದಿದ್ದರೆ ಯಾವುದನ್ನೂ ಅಳಿಸದ ಮನುಷ್ಯನ ಡಬ್ಬಿ ಶಾಶ್ವತವಾಗಿ ತುಂಬಿಕೊಂಡೇ ಇರುತ್ತದೆ, ನಿಯಮಕ್ಕೆ ಅರ್ಥ ಇರುವುದಿಲ್ಲ. ಇದಕ್ಕೆ ಬಂದಷ್ಟು ಬೈಗುಳ ಬೇರೆ ಯಾವುದಕ್ಕೂ ಬರಲಿಲ್ಲ. ‘ನನ್ನ ಹತ್ತು ವರ್ಷದ ಪಾಠದ ಟಿಪ್ಪಣಿ ಅದರಲ್ಲಿದೆ’ ಅಂದವರು ಎಷ್ಟೋ ಜನ. ಒಂದು ಪೂರ್ತಿ ಟರ್ಮ್ ಸಮಯ ಕೊಟ್ಟು, ಬೇಕಾದ ಪಾಠದ ಸಾಮಗ್ರಿಯನ್ನು ಗೂಗಲ್ ಡ್ರೈವ್‌ಗೆ ಹಾಕಿಕೊಳ್ಳಿ ಅಂತ ತಿಂಗಳಿಗೊಮ್ಮೆ ನೆನಪಿಸಿದೆವು.

ಈ ಕೆಲಸ ಮಾಡುವವರು ಕಣ್ಣಿಡಬೇಕಾದ ಜಾಗ ಒಂದಿದೆ. ಪ್ರಿನ್ಸಿಪಾಲರೊಬ್ಬರು ನಿವೃತ್ತರಾದರೆ ಅವರ ಖಾತೆಯನ್ನು ‘ಮಾಜಿ’ ಗುಂಪಿಗೆ ಸರಿಸುವುದು ವಾಡಿಕೆ. ಸರಿಸಿದ ಕೂಡಲೇ ಅವರ ಮೇಲ್‌ಗೆ ಹಳೆಯ ಗುಂಪಿನ 7 ವರ್ಷ ತಪ್ಪಿ, ಹೊಸ ಗುಂಪಿನ ನಿಯಮ ಬರುತ್ತದೆ! ಹಾಗಾಗಿ ‘ಮಾಜಿ’ ಒಳಗೂ ಎರಡು ಮನೆ ಮಾಡಿದೆವು, 7ರದ್ದು ಒಂದು, 4ರದ್ದು ಒಂದು. ಖಾತೆಯನ್ನೇ ಅಳಿಸಿಬಿಟ್ಟರಂತೂ ಹೋಲ್ಡ್ ಕೂಡ ಕಾಪಾಡುವುದಿಲ್ಲ. ಅಮಾನತು ಮಾಡಬೇಕು, ಅಳಿಸಬಾರದು.

ಇಷ್ಟು ತಯಾರಿ ಯಾತಕ್ಕೆ ಅಂತ ಗೊತ್ತಾಗುವುದು ಅರ್ಜಿ ಬಂದಾಗ. 2021ರ ಅಕ್ಟೋಬರ್‌ನಲ್ಲಿ ಟೆಕ್ಸಸ್‌ನ ಶಾಸಕ ಮ್ಯಾಟ್ ಕ್ರೌಸ್ ಸುಮಾರು 850 ಪುಸ್ತಕಗಳ ಪಟ್ಟಿ ಕಳಿಸಿ, ಇವು ನಿಮ್ಮ ಶಾಲೆಗಳಲ್ಲಿ ಇವೆಯಾ ಅಂತ ಶಾಲಾ ಜಿಲ್ಲೆಗಳನ್ನು ಕೇಳಿದರು. ಅಲ್ಲಿಂದ ಲೈಬ್ರರಿ ಪುಸ್ತಕದ ಜಗಳ ಊರೂರಿಗೆ ಹಬ್ಬಿತು. ಮಾಹಿತಿ ಅರ್ಜಿಗಳೂ ಅದರ ಹಿಂದೆ ಬಂದವು. ಪುಸ್ತಕ ತೆಗೆಯಿರಿ ಅನ್ನುವವರೂ ಹಾಕಿದರು, ತೆಗೆಯಬೇಡಿ ಅನ್ನುವವರೂ ಹಾಕಿದರು. ‘ಈ ತಿಂಗಳಿಂದ ಆ ತಿಂಗಳವರೆಗೆ, ಲೈಬ್ರೇರಿಯನ್‌ಗಳು ಮತ್ತು ಬೋರ್ಡ್ ಸದಸ್ಯರ ಮಧ್ಯೆ, ಪುಸ್ತಕ ಅನ್ನುವ ಪದ ಇರುವ ಎಲ್ಲ ಇಮೇಲ್.’ ಶಾಲೆಯಲ್ಲಿ ‘ಬುಕ್’ ಅಂತ ಹುಡುಕಿದರೆ ಏನು ಸಿಗುವುದಿಲ್ಲ ಹೇಳಿ!

ಯಾಕೆ ಬೇಕು ಅಂತ ಕೇಳುವ ಹಾಗಿಲ್ಲ. ಆದರೆ ನೀವು ನಿಜವಾಗಿ ಹುಡುಕುತ್ತಿರುವುದು ಏನು, ಸ್ವಲ್ಪ ಚಿಕ್ಕದು ಮಾಡಬಹುದಾ ಅಂತ ಕೇಳಬಹುದು. ಅರ್ಜಿದಾರರಿಗೆ ಫೋನ್ ಮಾಡಿ ಅಂತ ನಮ್ಮ ಮಾಹಿತಿ ವಿಭಾಗದವರಿಗೆ ಒತ್ತಾಯ ಮಾಡುತ್ತೇನೆ. ಕಾಗದದಲ್ಲಿ ಕೋಪದಿಂದ ಇರುವ ಮನುಷ್ಯ ಫೋನಿನಲ್ಲಿ ತಣ್ಣಗೆ ಮಾತಾಡುತ್ತಾನೆ. ‘ಬುಕ್’ ಅಂದವರಿಗೆ ಬೇಕಾಗಿದ್ದದ್ದು ಒಂದು ಸಮಿತಿಯ ತೀರ್ಮಾನದ ಹಿಂದಿನ ಪತ್ರಗಳು ಮಾತ್ರ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮಾತಾಡಿದ್ದನ್ನು ಆಮೇಲೆ ಮೇಲ್‌ನಲ್ಲಿ ಬರೆದು ಖಚಿತ ಮಾಡಿಕೊಳ್ಳಬೇಕು, ಅದು ಬೇರೆ.

ಗಡುವಿನ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಹತ್ತು ಕೆಲಸದ ದಿನ ಸಮಯ ಇದೆ ಅಂತ ಎಲ್ಲರೂ ಹೇಳುತ್ತಾರೆ. ಕಾನೂನು ಹೇಳುವುದು ‘ತಡಮಾಡದೆ’ ಅಂತ. ಹತ್ತು ದಿನದಲ್ಲಿ ಆಗದಿದ್ದರೆ ಯಾವತ್ತು ಕೊಡುತ್ತೇವೆ ಅಂತ ಬರೆದು ತಿಳಿಸಬೇಕು. ಆ ಹತ್ತು ದಿನ ನಿಜಕ್ಕೂ ಬಿಗಿಯಾಗುವುದು ಕೊಡುವುದಿಲ್ಲ ಅನ್ನಬೇಕಾದಾಗ. ಕೊಡುವುದಿಲ್ಲ ಅಂತ ನಾವೇ ಹೇಳಿ ಮುಗಿಸುವ ಹಾಗಿಲ್ಲ. ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ಕಾನೂನು ಅಧಿಕಾರಿ) ಕಚೇರಿಗೆ ಹತ್ತು ಕೆಲಸದ ದಿನದೊಳಗೆ ಬರೆದು, ಇದನ್ನು ತಡೆಹಿಡಿಯಬಹುದಾ ಅಂತ ಕೇಳಬೇಕು. ಹದಿನೈದರೊಳಗೆ ಕಾರಣ ಮತ್ತು ದಾಖಲೆ ಕಳಿಸಬೇಕು. ಅವರು 45 ಕೆಲಸದ ದಿನದಲ್ಲಿ ತೀರ್ಪು ಕೊಡುತ್ತಾರೆ. ನಾವು ಗಡುವು ತಪ್ಪಿಸಿದರೆ ಆ ಮಾಹಿತಿ ಬಹಿರಂಗ ಅಂತಲೇ ಲೆಕ್ಕ.

ಇದನ್ನು ನಮ್ಮ ಭಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಹಾಸನದ ಕಡೆ ಸರ್ಕಾರಿ ಕಚೇರಿಯೊಂದರಲ್ಲಿ ಮಾಹಿತಿ ಅಧಿಕಾರಿ. ‘ಏನೋ, ಅಲ್ಲೂ ಈ ಕಾಟ ಇದೆಯೇನೋ’ ಅಂತ ಶುರುಮಾಡಿದವರು, ಈ ಭಾಗ ಕೇಳಿ ಸುಮ್ಮನಾದರು. ನಮ್ಮ ಕಡೆ ಇಲ್ಲ ಅನ್ನುವವರು ಮಾಹಿತಿ ಅಧಿಕಾರಿ, ಮೇಲ್ಮನವಿ ಹಿಡಿದು ಓಡಾಡುವವರು ಅರ್ಜಿದಾರರು. ಮೊದಲ ಮೇಲ್ಮನವಿ, ಆಮೇಲೆ ಆಯೋಗ. ಇಲ್ಲಿ ಇಲ್ಲ ಅನ್ನಬೇಕು ಅಂದರೆ ಓಡಾಟ ಕಚೇರಿಯದ್ದೇ. ಇದೊಂದು ವಿಷಯದಲ್ಲಿ ಟೆಕ್ಸಸ್ ಕಾನೂನು ವಾಸಿ ಅಂತ ನನಗೆ ಅನಿಸುತ್ತದೆ. ಭಾವನನ್ನು ಕಂಡು ನನಗೆ ಹೊಟ್ಟೆಕಿಚ್ಚಾಗಿದ್ದೂ ಇದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇಲ್ಲಿ ಅಂಥ ಮಿತಿ ಇಲ್ಲ, ಪುಟಗಟ್ಟಲೆ ಬರೆದು ಕಳಿಸುತ್ತಾರೆ ಅಂದರೆ ಅವರು ನಂಬಲೇ ಇಲ್ಲ. ಇನ್ನು ದಂಡ. ಆರ್‌ಟಿಐಯಲ್ಲಿ ತಡಮಾಡಿದರೆ ದಿನಕ್ಕೆ ₹250, ಹೆಚ್ಚೆಂದರೆ ₹25,000, ಅದೂ ಅಧಿಕಾರಿಯ ಜೇಬಿನಿಂದ. ಟೆಕ್ಸಸ್‌ನಲ್ಲಿ ದಿನದ ಲೆಕ್ಕ ಇಲ್ಲ. ಆದರೆ ದಾಖಲೆಯನ್ನು ಬೇಕಂತಲೇ ನಾಶ ಮಾಡಿದರೆ 25ರಿಂದ 4,000 ಡಾಲರ್ ದಂಡ, ಮೂರು ದಿನದಿಂದ ಮೂರು ತಿಂಗಳ ಜೈಲು, ಅಥವಾ ಎರಡೂ.

ಮೇಲ್ ಹುಡುಕಿ ತೆಗೆದ ಮೇಲೆ ಓದುವ ಕೆಲಸ. ಒಂದೇ ಮೇಲ್‌ಗೆ ಇಪ್ಪತ್ತು ಜನ ‘ಎಲ್ಲರಿಗೂ ಉತ್ತರ’ ಕೊಟ್ಟಿದ್ದರೆ ಅದರ ನಕಲುಗಳೇ ರಾಶಿ ಬೀಳುತ್ತವೆ. ನಕಲು ತೆಗೆಯುವ ಸಾಧನ ಇಲ್ಲದೆ ಕೂತರೆ ಕಣ್ಣು ಹೋಗುತ್ತದೆ. ಮೇಲ್‌ನಲ್ಲಿ ಫೈಲ್ ಇಲ್ಲದೆ ಬರೀ ಡ್ರೈವ್ ಲಿಂಕ್ ಇದ್ದರೆ ಇನ್ನೊಂದು ಫಜೀತಿ. ಆ ಫೈಲ್ ಮೇಲ್ ಕಳಿಸಿದ ದಿನ ಹೇಗಿತ್ತು, ಇವತ್ತು ಹೇಗಿದೆ, ಎರಡೂ ಬೇರೆ ಇರಬಹುದು. ಹಾಗಾಗಿ ಡ್ರೈವ್ ಅನ್ನು ಪ್ರತ್ಯೇಕವಾಗಿ ಹುಡುಕುತ್ತೇವೆ. ವಾಲ್ಟ್‌ನಿಂದ ಹೊರತೆಗೆದ ಕಟ್ಟು ಅಲ್ಲಿ 15 ದಿನ ಮಾತ್ರ ಇರುತ್ತದೆ, ತೆಗೆದ ದಿನವೇ ಇಳಿಸಿಕೊಂಡು ಬೇರೆ ಕಡೆ ಇಡಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಮಕ್ಕಳ ಗುರುತು ಮುಚ್ಚುವುದು. 1974ರ ಫೆರ್ಪಾ ಅನ್ನುವ ಫೆಡರಲ್ ಕಾನೂನು ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಯನ್ನು ಕಾಪಾಡುತ್ತದೆ. ಮೇಷ್ಟ್ರುಗಳು ಜಾಣತನದಿಂದ ಹೆಸರಿನ ಬದಲು ಇನಿಷಿಯಲ್ ಬರೆಯುತ್ತಾರೆ, ‘ಜೆಆರ್ ಇವತ್ತೂ ಗಲಾಟೆ ಮಾಡಿದ’ ಅಂತ. ಇದು ಸಾಲದು. ಆ ಶಾಲೆಯ ಸುತ್ತಲಿನ ಜನ ಓದಿದರೆ ಯಾವ ಹುಡುಗ ಅಂತ ಗೊತ್ತಾಗುವ ಹಾಗಿದ್ದರೆ ಅದೂ ಗುರುತೇ. ಗಾಲಿಕುರ್ಚಿ ಬಳಸುವ ಒಬ್ಬಳೇ ಹುಡುಗಿ ಇರುವ ಕ್ಲಾಸಿನಲ್ಲಿ ‘ಗಾಲಿಕುರ್ಚಿ’ ಅನ್ನುವ ಪದವನ್ನೇ ಮುಚ್ಚಬೇಕು. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಆ ಶಾಲೆ ಗೊತ್ತಿರುವ ಮನುಷ್ಯರೇ ಓದಬೇಕು.

ಮಗುವಿನ ಹೆಸರಿರುವ ಪ್ರತಿ ಮೇಲ್ ಕೂಡ ಶೈಕ್ಷಣಿಕ ದಾಖಲೆಯಾ ಅನ್ನುವುದು ಚರ್ಚೆಯ ವಿಷಯ. 2009ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟೊಂದು ಟುಲಾರಿ ಕೌಂಟಿ ಕೇಸಿನಲ್ಲಿ, ಮಗುವಿನ ಕಡತಕ್ಕೆ ಸೇರಿಸಿ ಕಾಪಾಡಿದ ಮೇಲ್ ಮಾತ್ರ ದಾಖಲೆ, ಅಲ್ಲಲ್ಲಿ ಇನ್‌ಬಾಕ್ಸ್‌ಗಳಲ್ಲಿ ಚದುರಿ ಬಿದ್ದದ್ದಲ್ಲ ಅಂದಿತು. ಆ ತೀರ್ಪು ಟೆಕ್ಸಸ್ ಅನ್ನು ಕಟ್ಟಿಹಾಕುವುದಿಲ್ಲ. ನಮ್ಮ ವಕೀಲರು ಅದನ್ನು ನೆಚ್ಚಿಕೊಳ್ಳಬೇಡಿ, ಹೆಸರು ಕಂಡರೆ ಮುಚ್ಚಿ ಅಂದರು. ಮುಚ್ಚುತ್ತೇವೆ. ಅಟಾರ್ನಿ ಜನರಲ್‌ಗೆ ಕಳಿಸುವ ಪ್ರತಿಯಲ್ಲೂ ಮುಚ್ಚಿಯೇ ಕಳಿಸಬೇಕು, ಪೋಷಕರ ಒಪ್ಪಿಗೆ ಇಲ್ಲದೆ ಅವರಿಗೂ ತೋರಿಸುವ ಹಾಗಿಲ್ಲ.

ಪೋಷಕರು ಬೋರ್ಡ್‌ಗೆ ಬರೆದ ಮೇಲ್ ಬಗ್ಗೆ ಒಂದು ಮಾತು. ಬರೆದ ವಿಷಯ ಬಹಿರಂಗ, ಬರೆದವರ ಇಮೇಲ್ ವಿಳಾಸ ಗುಟ್ಟು. ಸಾರ್ವಜನಿಕರ ಇಮೇಲ್ ವಿಳಾಸವನ್ನು ಕಾನೂನೇ ಕಾಪಾಡಿದೆ. ಟ್ರಸ್ಟಿಗೆ, ಅಂದರೆ ಬೋರ್ಡ್ ಸದಸ್ಯರಿಗೆ, ಸಿಟ್ಟಿನಲ್ಲಿ ಬರೆದ ಪತ್ರವನ್ನು ನಾಳೆ ಪಕ್ಕದ ಮನೆಯವರು ಕೇಳಿ ಪಡೆಯಬಹುದು ಅಂತ ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ನಮ್ಮ ಕನ್ನಡದ ಪೋಷಕರಿಗೂ ಇದನ್ನು ಹೇಳುತ್ತಿರುತ್ತೇನೆ.

ಮುಚ್ಚುವುದು ಅಂದರೆ ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆಯುವುದಲ್ಲ. ಪಟ್ಟಿಯ ಕೆಳಗೆ ಅಕ್ಷರ ಹಾಗೇ ಇರುತ್ತದೆ, ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಂದುಬಿಡುತ್ತದೆ. 2019ರ ಜನವರಿಯಲ್ಲಿ ಹಿಂದೆ ಟ್ರಂಪ್ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫರ್ಟ್ ಅವರ ವಕೀಲರು ಕೋರ್ಟಿಗೆ ಸಲ್ಲಿಸಿದ ಕಾಗದದಲ್ಲಿ ಹೀಗೇ ಆಗಿ, ಮುಚ್ಚಿದ್ದೆಲ್ಲ ಪತ್ರಿಕೆಗಳಲ್ಲಿ ಬಂತು. ಅಕ್ಷರವನ್ನೇ ಕಿತ್ತುಹಾಕುವ ಸಾಧನ ಬಳಸಬೇಕು. ಕೊನೆಗೆ ಫೈಲಿನ ಹೆಸರನ್ನೂ ನೋಡಬೇಕು. ಒಳಗೆಲ್ಲ ಮುಚ್ಚಿ, ಫೈಲಿನ ಹೆಸರೇ ಹುಡುಗನ ಹೆಸರಾಗಿದ್ದರೆ ಏನು ಬಂತು?

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪುಟಕ್ಕೆ 10 ಸೆಂಟ್, ಕೆಲಸಕ್ಕೆ ಗಂಟೆಗೆ 15 ಡಾಲರ್. ಸಾಮಾನ್ಯವಾಗಿ 50 ಪುಟದೊಳಗಿದ್ದರೆ ಕೆಲಸದ ದುಡ್ಡು ಕೇಳುವ ಹಾಗಿಲ್ಲ. ಒಟ್ಟು 40 ಡಾಲರ್ ದಾಟಿದರೆ ಮೊದಲೇ ಅಂದಾಜು ಕೊಡಬೇಕು. ಕೊಡಬೇಕೋ ಬೇಡವೋ ಅಂತ ವಕೀಲರು ಕೂತು ಯೋಚಿಸಿದ ಹೊತ್ತಿಗೆ ದುಡ್ಡು ಹಾಕುವ ಹಾಗಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಅದೇ, ಅದು ಜಿಲ್ಲೆಯ ತಲೆಗೇ.

ಇಮೇಲ್ ಹದಕ್ಕೆ ಬಂದ ಮೇಲೆ ಉಳಿದದ್ದು ಫೋನ್. ಭಾವ ಹೇಳಿದ್ದರು, ‘ಇಮೇಲ್ ಯಾರು ಕೇಳ್ತಾರೋ, ನಮ್ಮದೆಲ್ಲ ವಾಟ್ಸಾಪ್ ಗ್ರೂಪಲ್ಲೇ ನಡೆಯುತ್ತೆ’ ಅಂತ. ಆರ್‌ಟಿಐ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ಮಾಹಿತಿ ಅನ್ನುವ ಪದದ ವಿವರಣೆಯಲ್ಲೇ ಇ-ಮೇಲ್ ಇದೆ. ಅಲ್ಲೂ ಕೇಳಬಹುದು, ಕೇಳುವವರು ಕಡಿಮೆ ಅಷ್ಟೇ. ಇಲ್ಲೂ ಪ್ರಿನ್ಸಿಪಾಲರುಗಳು ಸ್ವಂತ ಫೋನಿನಲ್ಲಿ ಮೆಸೇಜ್ ಮಾಡಿಯೇ ಎಷ್ಟೋ ಕೆಲಸ ನಡೆಸುತ್ತಾರೆ. ಸ್ವಂತ ಫೋನ್, ಹಾಗಾಗಿ ಸ್ವಂತದ್ದು ಅಂದುಕೊಳ್ಳುತ್ತಾರೆ. ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ, ಕ್ಯಾಲಿಫೋರ್ನಿಯಾದ್ದು 2017ರಲ್ಲಿ, ಹಾಗಲ್ಲ ಅಂದವು. ಟೆಕ್ಸಸ್ 2019ರಲ್ಲಿ ಕಾನೂನೇ ತಿದ್ದಿತು. ಕಚೇರಿ ಕೆಲಸದ ಮೆಸೇಜ್ ಸ್ವಂತ ಫೋನಿನಲ್ಲಿ ಇದ್ದರೆ ನೌಕರ ಅದರ ತಾತ್ಕಾಲಿಕ ಕಾವಲುಗಾರ. ಅದನ್ನು ಕಚೇರಿಗೆ ಕಳಿಸಬೇಕು, ಇಲ್ಲವೇ ಇದ್ದ ಹಾಗೇ ಫೋನಿನಲ್ಲಿ ಅವಧಿ ಮುಗಿಯುವವರೆಗೆ ಉಳಿಸಬೇಕು. ಕೇಳಿದರೆ ಹತ್ತು ದಿನದೊಳಗೆ ಒಪ್ಪಿಸಬೇಕು.

ಇದನ್ನು ಬಲವಂತವಾಗಿ ಜಾರಿ ಮಾಡಲು ನನ್ನ ಹತ್ತಿರ ಯಾವ ಬಟನ್ನೂ ಇಲ್ಲ. ಒಬ್ಬರ ಸ್ವಂತ ಫೋನಿಗೆ ವಾಲ್ಟ್ ಹೋಗುವುದಿಲ್ಲ. ಮಾಡಿದ್ದು ಇಷ್ಟೇ: ಗೂಗಲ್ ಚಾಟ್‌ನಲ್ಲಿ ಸಿಬ್ಬಂದಿಗೆಲ್ಲ ಹಿಸ್ಟರಿ (ಆಡಿದ ಮಾತು ಉಳಿಸಿಡುವ ಸೌಲಭ್ಯ) ಯಾವಾಗಲೂ ಆನ್ ಇರುವಂತೆ ಮಾಡಿ, ಅವಸರದ ಮಾತಿದ್ದರೆ ಇಲ್ಲೇ ಆಡಿ ಅಂತ ಹೇಳಿದೆವು. ಚಾಟ್‌ಗೂ ಮೇಲ್‌ನ ಅವಧಿಗಳನ್ನೇ ಹಾಕಿದೆವು. ಕೆಲವರು ಬಂದರು. ಉಳಿದವರಿಗೆ ವರ್ಷಕ್ಕೊಮ್ಮೆ, ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಮೊದಲು ನಡೆಯುವ ತರಬೇತಿಯಲ್ಲಿ ನೆನಪಿಸುತ್ತೇನೆ. ಫೋನ್ ಬದಲಾಯಿಸುವ ಮೊದಲು ಹಳೆಯ ಮೆಸೇಜ್‌ಗಳ ಬ್ಯಾಕಪ್ ತೆಗೆದುಕೊಳ್ಳಲು ನಮ್ಮ ಕಚೇರಿಗೆ ಬನ್ನಿ, ಅರ್ಧ ಗಂಟೆ ಕೆಲಸ ಅಂತ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ಅಸಿಸ್ಟೆಂಟ್ ಪ್ರಿನ್ಸಿಪಾಲರು. ಬೋರ್ಡ್ ಸದಸ್ಯರು ಇನ್ನೂ ಯಾರೂ ಬಂದಿಲ್ಲ.